ವೆಸ್ಲಿಯವರ ಅಮ್ಮ ಸುಸನ್ನಮ್ಮ

ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಹೆಸರು ಕೇಳದೆ ಇರೋ ಹೆಂಗಸರು ನಮ್ಮ ಚಿಂತಾಮಣಿ, ಸಿಡ್ಲಘಟ್ಟದ ಕಡೆ ಕಮ್ಮಿ. ಅಜ್ಜಿಯರ ಬಾಯಲ್ಲಿ ಅದು ಬರೀ "ಮಿಷನ್ ಆಸ್ಪತ್ರೆ". ಆ ನಾಲ್ಕು ಅಕ್ಷರ ಏನು ಅಂತ ಕೇಳಿದ್ರೆ ಮಾತ್ರ "ಏನೋ ಇಂಗ್ಲಿಷು ಹೆಸರು ಕಣಮ್ಮ" ಅಂತಾರೆ. ಅದು ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್. ಎಲೆನ್ ಅಂದ್ರೆ ಅಮೆರಿಕದ ಒಬ್ಬ ಹೆಣ್ಣುಮಗಳು. ಆಯಮ್ಮನ ನೆನಪಿಗೆ ಮೆಥೊಡಿಸ್ಟ್ ಮಿಷನ್‌ನೋರು 1910ರಲ್ಲಿ ಶುರು ಮಾಡಿದ ಆಸ್ಪತ್ರೆ ಅದು. ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ಬೇರೆ, ಅದು ಮೊದಲು ಲಂಡನ್ ಮಿಷನ್‌ನೋರದು. 1947ರಲ್ಲಿ ದಕ್ಷಿಣ ಭಾರತದ ಸಭೆಗಳು ಸುಮಾರು ಒಂದಾಗಿ ಸಿ.ಎಸ್.ಐ. ಆದಾಗ ಅದೂ ಅದರೊಳಗೆ ಸೇರ್ಕೊಂಡ್ತು. ಅಮೆರಿಕದಿಂದ ಬಂದ ಮೆಥೊಡಿಸ್ಟರು ಸೇರದೆ ಬೇರೆಯಾಗೇ ಉಳಿದ್ರು.

ಇದನ್ನ ಹೇಳ್ತಿದ್ದಾಗ ನಮ್ಮ ವಾರಗಿತ್ತಿ ಕೇಳಿದ್ಲು, "ಮೆಥೊಡಿಸ್ಟ್ ಅಂದ್ರೆ ಏನಕ್ಕ? ಯಾರಾದ್ರೂ ಗುರುಗಳ ಹೆಸರಾ?" ಅಂತ. ಅಲ್ಲ. ಮೆಥಡ್ ಅಂದ್ರೆ ಕ್ರಮ, ಪದ್ಧತಿ. 1729ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಒಂದಷ್ಟು ಹುಡುಗರು ಹೊತ್ತು ಹೊತ್ತಿಗೆ ಪ್ರಾರ್ಥನೆ, ಹೊತ್ತು ಹೊತ್ತಿಗೆ ಓದು, ಜೈಲಿನಲ್ಲಿರೋರನ್ನ ಹೋಗಿ ನೋಡೋದು, ಹಿಂಗೆಲ್ಲ ಕ್ರಮ ಇಟ್ಕೊಂಡಿದ್ರು. ಅದನ್ನ ನೋಡಿ ಜೊತೆಯವರು "ಬಂದ್ರಪ್ಪ ಪದ್ಧತಿಯೋರು" ಅಂತ ಆಡ್ಕೊಂಡ್ರು. ಆ ಆಡಿಕೊಂಡ ಹೆಸರೇ ನಿಂತುಹೋಯ್ತು. ಅವರಲ್ಲಿ ಮುಖ್ಯವಾದೋರು ಇಬ್ಬರು ಅಣ್ಣತಮ್ಮಂದಿರು, ಜಾನ್ ವೆಸ್ಲಿ ಮತ್ತು ಚಾರ್ಲ್ಸ್ ವೆಸ್ಲಿ. ಪುಸ್ತಕಗಳಲ್ಲಿ ಅವರಿಬ್ಬರ ವಿಚಾರವೇ ಜಾಸ್ತಿ. ನನ್ನನ್ನ ಕೇಳಿದ್ರೆ ಆ ಕ್ರಮ ಹುಟ್ಟಿದ್ದು ಆಕ್ಸ್‌ಫರ್ಡಿನಲ್ಲಲ್ಲ, ಅವರಮ್ಮನ ಅಡುಗೆಮನೆಯಲ್ಲಿ. ಆಯಮ್ಮನ ಹೆಸರು ಸುಸನ್ನಾ ವೆಸ್ಲಿ. ನಮ್ಮ ಕಡೆ ಚರ್ಚಿಗೆ ಹೋಗೋ ಮನೆಗಳಲ್ಲಿ ಸುಸನ್ನಮ್ಮ ಅನ್ನೋ ಹೆಸರು ಇರೋದ್ರಿಂದ ನಾನೂ ಸುಸನ್ನಮ್ಮ ಅಂತಲೇ ಕರೀತೀನಿ.

ಸುಸನ್ನಮ್ಮ ಹುಟ್ಟಿದ್ದು 1669ರ ಜನವರಿ 20ರಂದು, ಲಂಡನ್ನಿನಲ್ಲಿ. ಅಪ್ಪ ಸ್ಯಾಮ್ಯುಯೆಲ್ ಆನ್ಸ್‌ಲಿ, ಹೆಸರುವಾಸಿ ಪಾದ್ರಿ. ಈಯಮ್ಮ ಅವರ ಇಪ್ಪತ್ತೈದನೇ ಮಗು. ಹೌದು, ಇಪ್ಪತ್ತೈದೇ, ತಪ್ಪಾಗಿ ಓದಿಲ್ಲ ನೀವು. ಸರ್ಕಾರದ ಚರ್ಚಿನ ಕಟ್ಟಳೆಗೆ ಒಪ್ಪದೆ ಕೆಲಸ ಬಿಟ್ಟು ಹೊರಗೆ ಬಂದ ಪಾದ್ರಿಗಳ ಪೈಕಿ ಆಯಪ್ಪ. ಮಗಳಿಗೆ ಹದಿಮೂರು ತುಂಬೋ ಮೊದಲೇ ಎರಡೂ ಕಡೆ ವಾದ ಓದಿ, ಯೋಚನೆ ಮಾಡಿ, "ನಾನು ಸರ್ಕಾರದ ಚರ್ಚಿಗೇ ಹೋಗ್ತೀನಿ" ಅಂದ್ಲು. ಅಪ್ಪ ಬೈಯಲಿಲ್ಲ, ಹೊಡೀಲಿಲ್ಲ. ಸಾಯೋ ಮುಂಚೆ ತನ್ನ ಕಾಗದಪತ್ರ ಎಲ್ಲ ಈ ಮಗಳಿಗೇ ಬಿಟ್ಟುಹೋದ. ಹೆಣ್ಣುಮಗು ಸ್ವಂತ ಬುದ್ಧಿಯಿಂದ ಒಂದು ತೀರ್ಮಾನ ತಗೊಂಡ್ರೆ ಅದನ್ನ ತಡ್ಕೊಳ್ಳೋ ಅಪ್ಪ ಈಗಲೂ ಅಪರೂಪ. ಆಗ 1680ರ ಆಸುಪಾಸು!

1688ರಲ್ಲಿ ಮದುವೆ ಆಯ್ತು, ಸ್ಯಾಮ್ಯುಯೆಲ್ ವೆಸ್ಲಿ ಜೊತೆ. ಆಯಪ್ಪನೂ ಪಾದ್ರಿ, ಪಂಡಿತ, ಪದ್ಯ ಬರೆಯೋನು, ದುಡ್ಡಿನ ಲೆಕ್ಕ ಮಾತ್ರ ತಿಳೀದೋನು. ಆಮೇಲೆ ಲಿಂಕನ್ ಸೀಮೆಯ ಎಪ್‌ವರ್ತ್ ಅನ್ನೋ ಊರಿನ ಚರ್ಚಿಗೆ ಬಂದ್ರು. ಸುತ್ತ ಕೆಸರು ನೆಲ, ಒರಟು ಜನ. ಅಲ್ಲೇ ಸುಮಾರು ನಲವತ್ತು ವರ್ಷ ಸಂಸಾರ. ಹೆತ್ತಿದ್ದು ಹತ್ತೊಂಬತ್ತು ಮಕ್ಕಳು. ಉಳಿದು ದೊಡ್ಡೋರಾದ ಮಕ್ಕಳು ಹತ್ತು, ಏಳು ಹೆಣ್ಣು, ಮೂರು ಗಂಡು. ಒಂಬತ್ತು ಮಕ್ಕಳನ್ನ ಮಣ್ಣಿಗಿಟ್ಟ ತಾಯಿ ಅದು. ನಮ್ಮ ಮುತ್ತಜ್ಜಿಯರ ಲೆಕ್ಕವೂ ಹಿಂಗೇ ಇತ್ತಲ್ಲ, "ಹೆತ್ತಿದ್ದು ಹನ್ನೊಂದು, ಉಳಿದಿದ್ದು ಆರು" ಅಂತ ಬಳೆ ಲೆಕ್ಕ ಹೇಳಿದಂಗೆ ಹೇಳೋರು. ಕೇಳೋರಿಗೆ ಸಂಖ್ಯೆ, ಹೆತ್ತೋಳಿಗೆ ಒಂದೊಂದೂ ಮುಖ.

ಅದರಲ್ಲೊಂದು ಮಗು ಹೋದ ಕತೆ ಕೇಳಿ. 1705ರಲ್ಲಿ ಚುನಾವಣೆ ಬಂತು. ಯಜಮಾನ್ರು ಊರವರಿಗೆ ಆಗದ ಕಡೆ ನಿಂತ್ರು. ರಾತ್ರಿಯೆಲ್ಲ ಮನೆ ಕಿಟಕಿ ಕೆಳಗೆ ಜನ ಡೋಲು ಬಡಿದ್ರು, ಪಿಸ್ತೂಲು ಹಾರಿಸಿದ್ರು. ಸುಸನ್ನಮ್ಮ ಹಸಿ ಬಾಣಂತಿ. ಕೂಸನ್ನ ನೋಡ್ಕೊಳ್ಳೋಕೆ ಎದುರು ಮನೆಯ ದಾದಿ ಹತ್ತಿರ ಬಿಟ್ಟಿದ್ರು. ಗಲಾಟೆಲಿ ನಿದ್ದೆಗೆಟ್ಟ ಆ ದಾದಿ ಬೆಳಗಿನ ಜಾವ ಮೈಮರೆತು ಮಲಗಿದಾಗ ಕೂಸಿನ ಮೇಲೆ ಹೊರಳಿದ್ಲು. ಎಚ್ಚರ ಆಗಿ ನೋಡಿದ್ರೆ ಉಸಿರಿಲ್ಲ. ಹುಚ್ಚಿಯಂಗೆ ಓಡಿಬಂದು ಅದನ್ನ ಕೆಲಸದೋರ ಕೈಗೆ ಹಾಕಿದ್ಲು, ಅವರು ತಾಯಿ ಕೈಗೆ ಕೊಟ್ರು. ಗಂಡಸರ ಚುನಾವಣೆ, ಹೋಗಿದ್ದು ಬಾಣಂತಿಯ ಮಗು.

ಅಷ್ಟಕ್ಕೇ ಮುಗೀಲಿಲ್ಲ. ಚುನಾವಣೆ ಮುಗಿದ ಮೇಲೆ ದ್ವೇಷಕ್ಕೆ ಹಳೇ ಸಾಲ ಎತ್ತಿದ್ರು. ಸುಮಾರು 30 ಪೌಂಡಿನ ಸಾಲಕ್ಕೆ ಯಜಮಾನ್ರನ್ನ ಲಿಂಕನ್ ಕೋಟೆಯ ಜೈಲಿಗೆ ಹಾಕಿದ್ರು. ಮನೇಲಿ ದುಡ್ಡಿಲ್ಲ. ಸುಸನ್ನಮ್ಮ ತನ್ನ ಉಂಗುರಗಳನ್ನ ಬಿಚ್ಚಿ ಜೈಲಿಗೆ ಕಳಿಸಿದ್ಲು, ಮಾರ್ಕೊಳ್ಳಿ ಅಂತ. ಆಯಪ್ಪ ವಾಪಸ್ ಕಳಿಸಿದ. ಅದೇ ಹೊತ್ತಲ್ಲಿ ಯಾರೋ ರಾತ್ರಿ ಬಂದು ಅವರ ಹಸುಗಳಿಗೆ ಇರಿದು ಹೋದ್ರು, ಮಕ್ಕಳಿಗೆ ಇದ್ದ ಹಾಲೂ ನಿಂತುಹೋಯ್ತು. ಯಾರ್ಕಿನ ದೊಡ್ಡ ಬಿಷಪ್ಪರು ಬಂದು ಕೇಳಿದ್ರಂತೆ, "ಅಮ್ಮಾ, ನಿಜ ಹೇಳಿ, ಯಾವತ್ತಾದ್ರೂ ರೊಟ್ಟಿಗೆ ಗತಿ ಇಲ್ಲದಂಗೆ ಆಗಿದ್ಯಾ?" ಅಂತ. ಈಯಮ್ಮ ಕೊಟ್ಟ ಉತ್ತರದ ಸಾರ ಇಷ್ಟು: ರೊಟ್ಟಿ ಇಲ್ಲ ಅಂತ ಆಗಿಲ್ಲ, ಆದರೆ ತಿನ್ನೋಕೆ ಮುಂಚೆ ಅದನ್ನ ತರೋ ಚಿಂತೆ, ತಿಂದ ಮೇಲೆ ಅದರ ದುಡ್ಡು ತೀರಿಸೋ ಚಿಂತೆ, ಇವೆರಡರ ಮಧ್ಯೆ ರೊಟ್ಟಿ ರುಚಿಯಾಗಿದ್ದೇ ಇಲ್ಲ. ಹುಳ ಕೆಟ್ಟು ಚಂದ್ರಿಕೆ ಮೇಲೆ ಗೂಡು ಕಟ್ಟದೆ ಹೋದ ವರ್ಷ ನಮ್ಮ ಸಿಡ್ಲಘಟ್ಟದ ಮನೆಗಳಲ್ಲಿ ಮುದ್ದೆ ಹಿಂಗೇ ಇಳಿಯಲ್ಲ ಗಂಟಲಲ್ಲಿ. ಸಾಲ ಮಾಡಿದೋರು ಪೇಟೆ ಕಡೆ ಹೋಗಿರ್ತಾರೆ, ಸಾಲ ಕೊಟ್ಟೋರು ಬಂದಾಗ ಬಾಗಿಲಲ್ಲಿ ನಿಂತು ಉತ್ತರ ಹೇಳೋಳು ಹೆಂಗಸು.

ಗಂಡ ಹೆಂಡತಿ ಮಧ್ಯೆನೂ ಎಲ್ಲ ಸಕ್ಕರೆ ಅಂತ ಅಂದ್ಕೋಬೇಡಿ. ಒಂದ್ಸಲ ಮನೆ ಪ್ರಾರ್ಥನೇಲಿ ಆಗಿನ ರಾಜ ವಿಲಿಯಂಗೆ ಒಳ್ಳೇದಾಗ್ಲಿ ಅಂತ ಯಜಮಾನ್ರು ಬೇಡಿಕೊಂಡಾಗ ಈಯಮ್ಮ ಆಮೆನ್ ಅನ್ನಲಿಲ್ಲ. ಆ ರಾಜ ನ್ಯಾಯವಾದ ರಾಜ ಅಂತ ಆಯಮ್ಮ ಒಪ್ಪಿರಲಿಲ್ಲ. "ಎರಡು ರಾಜರಾದ್ರೆ ಎರಡು ಹಾಸಿಗೆ ಆಗ್ಬೇಕು" ಅಂತ ಸಿಟ್ಟಾಗಿ ಯಜಮಾನ್ರು ಲಂಡನ್ನಿಗೆ ಹೊರಟೇಬಿಟ್ರು. ಈಯಮ್ಮ ಬಗ್ಗಲಿಲ್ಲ. 1702ರಲ್ಲಿ ಆ ರಾಜ ತೀರ್ಕೊಂಡ, ಜಗಳದ ಬುಡವೇ ಹೋಯ್ತು, ಯಜಮಾನ್ರು ಮನೆಗೆ ಬಂದ್ರು. 1703ರಲ್ಲಿ ಹುಟ್ಟಿದ್ದೇ ಜಾನ್. ಆ ಜಗಳ ರಾಜಿ ಆಗದೆ ಇದ್ದಿದ್ರೆ ಮೆಥೊಡಿಸ್ಟರೇ ಇರ್ತಿರಲಿಲ್ಲ ಅಂತ ಚರಿತ್ರೆ ಬರೆಯೋರು ತಮಾಷೆ ಮಾಡ್ತಾರೆ.

1709ರ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ ಬಿತ್ತು. ಸುಸನ್ನಮ್ಮ ದಿನ ತುಂಬಿದ ಗರ್ಭಿಣಿ. ಉರಿ ಒಳಗಿಂದಲೇ ನುಗ್ಗಿ ಹೊರಗೆ ಬಂದ್ಲು, ಕೈ ಮುಖ ಸುಟ್ಕೊಂಡು. ಮಕ್ಕಳನ್ನ ಎಣಿಸಿದ್ರೆ ಒಂದು ಕಮ್ಮಿ, ಐದು ವರ್ಷದ ಜಾನ್ ಮಹಡಿ ಮೇಲೆ ಉಳಿದಿದ್ದ. ಕಿಟಕಿ ಹತ್ತಿರ ಬಂದು ನಿಂತಿದ್ದ ಮಗುವನ್ನ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ಎಳ್ಕೊಂಡ, ಅಷ್ಟರಲ್ಲಿ ಸೂರು ಕುಸೀತು. ಮನೆ, ಬಟ್ಟೆ, ಪುಸ್ತಕ, ಅಪ್ಪ ಬಿಟ್ಟುಹೋಗಿದ್ದ ಕಾಗದಪತ್ರ, ಎಲ್ಲ ಬೂದಿ. ಮುಂದಿನ ತಿಂಗಳು ಕೊನೇ ಮಗಳು ಕೆಜ಼ಿಯಾ ಹುಟ್ಟಿದ್ಲು. ಇಟ್ಟಿಗೆ ಮನೆ ಮತ್ತೆ ಕಟ್ಟೋಕೆ ಸುಮಾರು 400 ಪೌಂಡು ಬೇಕಾಯ್ತು. ಆ ಮನೆ ಈಗಲೂ ಎಪ್‌ವರ್ತಿನಲ್ಲಿದೆ, ನೋಡೋಕೆ ಬಿಡ್ತಾರೆ. ಕಟ್ಟಿದ ಸಾಲ ಮಾತ್ರ ಯಜಮಾನ್ರ ಜೊತೆಗೇ ಹೋಗ್ಲಿಲ್ಲ, ಹೆಂಡತಿ ತನಕ ಬಂತು. ಅದನ್ನ ಮುಂದೆ ಹೇಳ್ತೀನಿ.

ಇಷ್ಟೆಲ್ಲದರ ಮಧ್ಯೆ ಆಯಮ್ಮ ಮನೇಲೇ ಸ್ಕೂಲು ನಡೆಸಿದ್ಲು. ಬೆಳಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. ಮಗುವಿಗೆ ಐದು ವರ್ಷ ತುಂಬಿದ ಮಾರನೇ ದಿನ ಅಕ್ಷರಾಭ್ಯಾಸ, ಒಂದೇ ದಿನಕ್ಕೆ ಅಕ್ಷರ ಎಲ್ಲ ಬರಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಹಿಡೀತು ಅಂತ ಆಯಮ್ಮನೇ ಬರೆದಿಟ್ಟವಳೆ. 1732ರಲ್ಲಿ ಮಗ ಜಾನ್ ಕೇಳಿದಾಗ ತನ್ನ ಕಟ್ಟಳೆಗಳನ್ನೆಲ್ಲ ಒಂದು ದೊಡ್ಡ ಕಾಗದದಲ್ಲಿ ಬರೆದು ಕಳಿಸಿದ್ಲು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಹೆಣ್ಣುಮಗು ಚೆನ್ನಾಗಿ ಓದೋಕೆ ಕಲಿಯೋ ತನಕ ಅವಳಿಗೆ ಹೊಲಿಗೆ, ಮನೆಗೆಲಸ ಹಚ್ಚಬಾರದು. ಮೊದಲು ಓದು, ಆಮೇಲೆ ಸೂಜಿ. ನಮ್ಮಲ್ಲಿ ಎಷ್ಟು ಹುಡುಗೀರು ಹಿಪ್ಪುನೇರಳೆ ಸೊಪ್ಪು ತರೋಕೆ, ತಮ್ಮನ್ನ ಎತ್ತಿಕೊಳ್ಳೋಕೆ ಅಂತ ಮೂರನೇ ಕ್ಲಾಸಿಗೆ ಬಿಟ್ರು ಹೇಳಿ. ಮುನ್ನೂರು ವರ್ಷದ ಹಿಂದೆ ಒಬ್ಬ ತಾಯಿ ಇದನ್ನ ಕಟ್ಟಳೆ ಅಂತ ಬರೆದಿದ್ಲು.

ಎಲ್ಲ ಕಟ್ಟಳೆನೂ ನನಗೆ ಒಪ್ಪಿಗೆ ಅಂತಲ್ಲ. ವರ್ಷ ತುಂಬೋ ಹೊತ್ತಿಗೇ ಮಕ್ಕಳು ಬೆತ್ತಕ್ಕೆ ಹೆದರಬೇಕು, ಅತ್ರೂ ಮೆಲ್ಲಗೆ ಅಳಬೇಕು, ಮೊದಲು ಮಕ್ಕಳ ಹಟ ಮುರೀಬೇಕು ಅಂತ ಇತ್ತು. ಓದಿದಾಗ ಹೊಟ್ಟೆ ಹಿಂಡುತ್ತೆ. ಆ ಕಾಲದ ಬುದ್ಧಿ ಅದು. ಆದರೂ ಅದೇ ತಾಯಿ ತಪ್ಪು ಒಪ್ಪಿಕೊಂಡ ಮಗುವಿಗೆ ಹೊಡೀಬಾರದು, ಒಂದೇ ತಪ್ಪಿಗೆ ಎರಡು ಸಲ ಬೈಯಬಾರದು, ಆಮೇಲೆ ಎತ್ತಿ ಆಡಬಾರದು ಅಂತನೂ ಬರೆದವಳೆ. ಈ ಎರಡನೇದು ಗಂಡಂದಿರಿಗೂ ಅತ್ತೆಯರಿಗೂ ಅನ್ವಯಿಸಿದ್ರೆ ಎಷ್ಟು ಮನೆ ತಣ್ಣಗಿರ್ತಿದ್ವು!

ಇನ್ನು ಅಡುಗೆಮನೆ ಸಭೆಯ ವಿಚಾರ. ಇದು ಶುರುವಾಗಿದ್ದು ನಮ್ಮ ಪಕ್ಕದ ತಮಿಳುನಾಡಿನಿಂದ ಅಂದ್ರೆ ನಂಬ್ತೀರಾ? 1706ರಲ್ಲಿ ಡೆನ್ಮಾರ್ಕಿನ ರಾಜ ಕಳಿಸಿದ ಇಬ್ಬರು ಜರ್ಮನ್ ಪಾದ್ರಿಗಳು, ಜೀಗನ್‌ಬಾಲ್ಗ್ ಮತ್ತು ಪ್ಲೂಟ್ಶೌ, ಸಮುದ್ರ ದಂಡೆಯ ತರಂಗಂಬಾಡಿಗೆ ಬಂದಿಳಿದ್ರು. ತಮಿಳು ಕಲಿತು ಅಲ್ಲೇ ಕೆಲಸ ಮಾಡಿದ್ರು. ಅವರ ಕಾಗದಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಎಪ್‌ವರ್ತಿನ ಆ ಮನೆಗೂ ಬಂದವು. ಹಿರೀ ಮಗಳು ಎಮಿಲಿ ಅಪ್ಪನ ಓದೋ ಕೋಣೇಲಿ ಆ ಪುಸ್ತಕ ಹುಡುಕಿ ತೆಗೆದು ಅಮ್ಮನಿಗೆ ಓದಿ ಹೇಳಿದ್ಲು. ಸುಸನ್ನಮ್ಮನಿಗೆ ಎಷ್ಟೋ ದಿನ ಬೇರೆ ಯೋಚನೆ ಬರಲಿಲ್ಲ. ನಾನು ಗಂಡಸಲ್ಲ, ಪಾದ್ರಿಯೂ ಅಲ್ಲ, ಆದರೂ ಈಗ ಮಾಡ್ತಿರೋದಕ್ಕಿಂತ ಒಂದಿಷ್ಟು ಹೆಚ್ಚು ಮಾಡಬಹುದಲ್ಲ ಅಂತ ಅನ್ನಿಸ್ತು. ಎಲ್ಲಿಂದ ಶುರು ಮಾಡೋದು? ಕೈಗೆ ಸಿಗೋದು ಮಕ್ಕಳೇ. ದಿನಕ್ಕೊಂದು ಮಗು ಅಂತ ಸರದಿ ಹಾಕಿ, ಆ ಮಗುವಿನ ಜೊತೆ ಒಬ್ಬಳೇ ಕೂತು ಮಾತಾಡೋಕೆ ಹೊತ್ತು ಇಟ್ಟಳು. ಸೋಮವಾರ ಮೇರಿ, ಮಂಗಳವಾರ ಹೆಟ್ಟಿ, ಬುಧವಾರ ಆ್ಯನ್, ಗುರುವಾರ ಜಾನ್, ಶುಕ್ರವಾರ ಮಾರ್ಥಾ, ಶನಿವಾರ ಚಾರ್ಲ್ಸ್, ಭಾನುವಾರ ಎಮಿಲಿ ಮತ್ತು ಅಮ್ಮನ ಹೆಸರೇ ಇದ್ದ ಸುಸನ್ನಾ.

ಆ ಚಳಿಗಾಲ, 1711-12ರಲ್ಲಿ, ಯಜಮಾನ್ರು ಲಂಡನ್ನಿನಲ್ಲಿ ಪಾದ್ರಿಗಳ ಮಹಾಸಭೆಗೆ ಹೋಗಿದ್ರು. ಊರ ಚರ್ಚು ನೋಡ್ಕೊಳ್ಳೋಕೆ ಒಬ್ಬ ಕಿರಿ ಪಾದ್ರಿ ಇದ್ದ. ಭಾನುವಾರ ಸಾಯಂಕಾಲ ಸುಸನ್ನಮ್ಮ ಅಡುಗೆಮನೇಲಿ ಮಕ್ಕಳನ್ನ, ಕೆಲಸದೋರನ್ನ ಕೂರಿಸ್ಕೊಂಡು ಪ್ರಾರ್ಥನೆ ಹೇಳಿ, ಗಂಡನ ಪುಸ್ತಕಗಳಿಂದ ಒಂದು ಒಳ್ಳೇ ಪ್ರಸಂಗ ಓದ್ತಿದ್ಲು. ಕೆಲಸದ ಹುಡುಗ ಹೋಗಿ ಅಪ್ಪ ಅಮ್ಮನಿಗೆ ಹೇಳಿದ, ಅವರು ಬಂದ್ರು. ಅವರು ಪಕ್ಕದ ಮನೆಯೋರಿಗೆ ಹೇಳಿದ್ರು, ಅವರೂ ಬಂದ್ರು. ಮೂವತ್ತು, ನಲವತ್ತು, ಕೊನೆಗೆ ಇನ್ನೂರು ಜನ. ಕೂರೋಕೆ ಜಾಗ ಇಲ್ಲದೆ ಎಷ್ಟೋ ಜನ ವಾಪಸ್ ಹೋದ್ರು. ನಮ್ಮಲ್ಲಿ ಕೈವಾರ ತಾತಯ್ಯನ ಭಜನೆ ಒಂದು ಮನೆಯ ಪಡಸಾಲೆಲಿ ಶುರುವಾಗಿ ಬೀದಿ ತನಕ ಚಾಪೆ ಹಾಸೋ ಹಂಗಾಗಲ್ವಾ, ಹಂಗೆ.

ಕಿರಿ ಪಾದ್ರಿಗೆ ಉರಿ ಹತ್ತಿತು. ಚರ್ಚಿಗಿಂತ ಅಡುಗೆಮನೇಲಿ ಜನ ಜಾಸ್ತಿ, ಅದೂ ಹೆಂಗಸು ಓದೋದು ಕೇಳೋಕೆ! ಯಜಮಾನ್ರಿಗೆ ದೂರು ಬರೆದ. ಅವರು "ನಿಲ್ಲಿಸು" ಅಂತ ಹೆಂಡತಿಗೆ ಬರೆದ್ರು. 1712ರ ಫೆಬ್ರವರಿಯಲ್ಲಿ ಈಯಮ್ಮ ಬರೆದ ಉತ್ತರ ನೋಡಬೇಕು ನೀವು. ಕೂಗಾಟ ಇಲ್ಲ, ಕಣ್ಣೀರಿಲ್ಲ. ಮೊದಲು ಎಷ್ಟು ಜನಕ್ಕೆ ಒಳ್ಳೇದಾಗಿದೆ, ಯಾರು ಯಾರು ಚರ್ಚಿಗೆ ಮತ್ತೆ ಬರ್ತಿದ್ದಾರೆ ಅಂತ ಲೆಕ್ಕ ಕೊಟ್ಟಳು. ಆಮೇಲೆ ಹೇಳಿದ್ದರ ಸಾರ ಇದು: ನಿಮಗೆ ಇದು ನಿಲ್ಲಬೇಕು ಅನ್ನಿಸಿದ್ರೆ, ನಿಲ್ಲಿಸಿದ್ರೆ ಚೆನ್ನಾಗಿರುತ್ತೆ ಅಂತ ಬರೀಬೇಡಿ, ನಿಲ್ಲಿಸು ಅಂತ ಸ್ಪಷ್ಟವಾಗಿ ಅಪ್ಪಣೆ ಕೊಡಿ, ನಾಳೆ ದೇವರ ಮುಂದೆ ನಿಂತಾಗ ಇಷ್ಟು ಜನಕ್ಕೆ ಒಳ್ಳೇದು ಮಾಡೋ ಅವಕಾಶ ಯಾಕೆ ಬಿಟ್ಟೆ ಅಂತ ಕೇಳಿದ್ರೆ ಆ ಪಾಪ ನನ್ನ ತಲೆ ಮೇಲೆ ಬರಬಾರದು. ಯಜಮಾನ್ರಿಂದ ಅಪ್ಪಣೆ ಬರಲಿಲ್ಲ. ಅವರು ಊರಿಗೆ ಬರೋ ತನಕ ಅಡುಗೆಮನೆ ಸಭೆ ನಡೀತು. ಗಂಡನ ಮಾತು ಮೀರಲಿಲ್ಲ, ತನ್ನ ಮಾತೂ ಬಿಡಲಿಲ್ಲ. ಇಂಥ ಜಾಣತನ ನಮ್ಮ ಅಜ್ಜಿಯರಿಗೂ ಇತ್ತು, ಅವರು ಬರೆದಿಡಲಿಲ್ಲ ಅಷ್ಟೆ.

ಆ ಸಭೇಲಿ ನಾಲ್ಕು ವರ್ಷದ ಚಾರ್ಲ್ಸು, ಎಂಟು ವರ್ಷದ ಜಾನು ನೆಲದ ಮೇಲೆ ಕೂತಿದ್ರು ಅನ್ನೋದನ್ನ ಮರೀಬೇಡಿ. ಮುಂದೆ ಚರ್ಚಿನ ಬಾಗಿಲು ಮುಚ್ಚಿದಾಗ ಬಯಲಲ್ಲಿ, ಮನೆಗಳಲ್ಲಿ, ಗಣಿ ಕೆಲಸದೋರ ಮಧ್ಯೆ ಸಭೆ ನಡೆಸೋಕೆ ಅವರಿಗೆ ಧೈರ್ಯ ಬಂದಿದ್ದು ಎಲ್ಲಿಂದ?

ಈಯಮ್ಮನ ಬಗ್ಗೆ ಒಂದು ಮಾತು ಬಳಕೇಲಿದೆ. ಅಷ್ಟು ಮಕ್ಕಳ ಮನೇಲಿ ಒಬ್ಬಳೇ ಕೂರೋಕೆ ಮೂಲೆ ಸಿಗದೆ, ಅಡುಗೆ ಮಾಡುವಾಗ ಕಟ್ಕೊಳ್ಳೋ ಮುಂಬಟ್ಟೇನೇ ತಲೆ ಮೇಲೆ ಎಳ್ಕೊಂಡು ಪ್ರಾರ್ಥನೆ ಮಾಡ್ತಿದ್ಲಂತೆ. ಬಟ್ಟೆ ತಲೆ ಮೇಲಿದ್ರೆ ಅಮ್ಮನ್ನ ಮಾತಾಡಿಸಬಾರದು ಅಂತ ಮಕ್ಕಳಿಗೆ ಗೊತ್ತಿತ್ತಂತೆ. ನಾವು ಸೆರಗು ಎಳ್ಕೊಂಡು ಒಂದು ಗಳಿಗೆ ಗೋಡೆಗೆ ಒರಗಿದ್ರೆ ನಮ್ಮ ಮಕ್ಕಳಿಗೆ ಅಷ್ಟು ತಿಳಿದ್ರೆ ಸಾಕು.

ಆ ಹೆಣ್ಣುಮಕ್ಕಳ ಗತಿ ಏನಾಯ್ತು ಅನ್ನೋದೂ ಹೇಳಬೇಕು. ಗಂಡುಮಕ್ಕಳು ಮೂವರೂ ಆಕ್ಸ್‌ಫರ್ಡಿಗೆ ಹೋದ್ರು. ಹೆಣ್ಣುಮಕ್ಕಳೂ ಬುದ್ಧಿವಂತರೇ, ಹೆಟ್ಟಿ ಅಂತೂ ಚಿಕ್ಕ ವಯಸ್ಸಿಗೇ ಗ್ರೀಕ್ ಓದ್ತಿದ್ಲು, ಒಳ್ಳೇ ಪದ್ಯ ಬರೀತಿದ್ಲು. ಆದರೆ ಓದಿದ ಹೆಣ್ಣಿಗೆ ಹೋಗೋಕೆ ಜಾಗ ಎಲ್ಲಿತ್ತು? ಹೆಟ್ಟಿ ಒಬ್ಬನನ್ನ ನಂಬಿ ಮನೆ ಬಿಟ್ಟು ಹೋಗಿ ಮೋಸ ಹೋದ್ಲು. 1725ರಲ್ಲಿ ಅವಳನ್ನ ಸೀಸದ ಕೆಲಸ ಮಾಡೋ ಒಬ್ಬ ಕುಡುಕನಿಗೆ ಕಟ್ಟಿದ್ರು. ಅಪ್ಪ ಮನಸಾರೆ ಕ್ಷಮಿಸಲೇ ಇಲ್ಲ. ಕಾಲು ಸರಿಯಿಲ್ಲದ ಮೇರಿ ಮದುವೆಯಾದ ವರ್ಷದೊಳಗೆ ಹೆರಿಗೇಲಿ ಹೋದ್ಲು. ಮಾರ್ಥಾಳ ಗಂಡ ಆಮೇಲೆ ಬೇರೆ ಹೆಂಗಸರ ಹಿಂದೆ ಹೋದ. ಓದು ಕೊಟ್ರೆ ಸಾಲದು, ಓದಿದ ಹೆಣ್ಣು ತನ್ನ ಕಾಲ ಮೇಲೆ ನಿಲ್ಲೋಕೆ ದಾರಿನೂ ಬೇಕು. ಸುಸನ್ನಮ್ಮನ ಕೈಲಿ ಮೊದಲನೇದು ಇತ್ತು, ಎರಡನೇದು ಇರಲಿಲ್ಲ. ಆಯಮ್ಮನ ಮನೆಯ ನಿಜವಾದ ನೋವು ಇದೇ ಅಂತ ನನಗನ್ನಿಸುತ್ತೆ.

1735ರ ಏಪ್ರಿಲ್ 25ರಂದು ಯಜಮಾನ್ರು ತೀರ್ಕೊಂಡ್ರು. ಸುಸನ್ನಮ್ಮನಿಗೆ ಅರವತ್ತಾರು. ಮಣ್ಣು ಮಾಡಿದ ದಿನವೇ ಜಮೀನಿನ ಒಡತಿಯೊಬ್ಬಳು ಬಂದು 15 ಪೌಂಡ್ ಬಾಕಿಗೆ ಕೊಟ್ಟಿಗೆಯ ದನಕರುಗಳನ್ನೆಲ್ಲ ಜಪ್ತಿ ಮಾಡ್ಕೊಂಡ್ಲು. ಅವುಗಳ ಬೆಲೆ 40 ಪೌಂಡಿಗೂ ಮೇಲೆ. ಚಾರ್ಲ್ಸ್ ಅಣ್ಣನಿಗೆ ಬರೆದ ಕಾಗದದಲ್ಲಿ ಈ ಲೆಕ್ಕ ಇದೆ. ಮನೇನಾದ್ರೂ ಉಳೀತಾ? ಇಲ್ಲ. ಅದು ಪಾದ್ರಿ ಕೆಲಸಕ್ಕೆ ಕೊಟ್ಟ ಮನೆ, ಸರ್ಕಾರಿ ಕ್ವಾರ್ಟ್ರಸ್ ಇದ್ದಂಗೆ. ಕೆಲಸ ಹೋದ್ರೆ ಮನೆನೂ ಹೋಯ್ತು. ಸುಮಾರು ನಲವತ್ತು ವರ್ಷ ಗುಡಿಸಿ ಸಾರಿಸಿದ ಮನೆ, ಬೆಂಕಿಯಾದ ಮೇಲೆ ಎರಡನೇ ಸಲ ಕಟ್ಟಿದ ಮನೆ, ಒಂದೆರಡು ತಿಂಗಳಲ್ಲಿ ಬೇರೆಯವರ ಪಾಲು.

ಆಮೇಲೆ ಮಕ್ಕಳ ಮನೆಗಳ ಸುತ್ತಾಟ. ಮೊದಲು ಗೇನ್ಸ್‌ಬರೋ ಊರಲ್ಲಿ ಸ್ಕೂಲು ನಡೆಸ್ತಿದ್ದ ಎಮಿಲಿ ಹತ್ತಿರ. ಆಮೇಲೆ ಟಿವರ್ಟನ್‌ನಲ್ಲಿ ಹಿರೀ ಮಗನ ಹತ್ತಿರ. ಅಲ್ಲಿಂದ ಮಾರ್ಥಾ ಮನೆ. ಕೊನೆಗೆ ಲಂಡನ್ನಿನಲ್ಲಿ ಜಾನ್ ಹತ್ತಿರ. ಇದನ್ನ ಓದುವಾಗ ನನಗೆ ನಮ್ಮೂರ ಕಡೆಯ ಎಷ್ಟೋ ಅಮ್ಮಂದಿರು ಕಣ್ಮುಂದೆ ಬಂದ್ರು. ಆರು ತಿಂಗಳು ದೊಡ್ಡ ಮಗನ ಮನೆ, ಆರು ತಿಂಗಳು ಚಿಕ್ಕೋನ ಮನೆ, ಹಬ್ಬಕ್ಕೆ ಮಗಳ ಮನೆ, ಜೊತೆಗೆ ಒಂದು ಬಟ್ಟೆ ಚೀಲ, ಒಂದು ಔಷಧಿ ಡಬ್ಬಿ. ಯಾರೂ ಕೆಟ್ಟೋರಲ್ಲ, ಆದರೂ ಯಾವುದೂ ತನ್ನ ಮನೆ ಅಲ್ಲ.

ವಿಧವೆಯಾದ ವರ್ಷವೇ ಜಾನು, ಚಾರ್ಲ್ಸು ಇಬ್ಬರೂ ಸಮುದ್ರದಾಚೆ ಅಮೆರಿಕದ ಜಾರ್ಜಿಯಾಕ್ಕೆ ಹೋಗೋಕೆ ಕರೆ ಬಂತು. ಅಮ್ಮನ್ನ ಬಿಟ್ಟು ಹೆಂಗೆ ಹೋಗೋದು ಅಂತ ಜಾನ್ ಹಿಂದೇಟು ಹಾಕಿದ. "ಇಪ್ಪತ್ತು ಜನ ಮಕ್ಕಳಿದ್ರೂ ಎಲ್ಲರೂ ಈ ಕೆಲಸಕ್ಕೆ ಹೋಗ್ತಾರೆ ಅಂದ್ರೆ ಸಂತೋಷನೇ, ಮತ್ತೆ ಮುಖ ನೋಡದೆ ಹೋದ್ರೂ ಸರಿ" ಅನ್ನೋ ಅರ್ಥದ ಮಾತು ಹೇಳಿದ್ಲಂತೆ. ತರಂಗಂಬಾಡಿ ಪುಸ್ತಕ ಓದಿಸ್ಕೊಂಡು ಎದೆ ತುಂಬಿದ ಹೆಂಗಸಿಗೆ ಬೇರೆ ಮಾತು ಬರೋದು ಕಷ್ಟ.

1739ರಲ್ಲಿ ಜಾನ್ ಲಂಡನ್ನಿನ ಮೂರ್‌ಫೀಲ್ಡ್ಸ್ ಹತ್ತಿರ ಪಾಳುಬಿದ್ದ ಫಿರಂಗಿ ಎರಕದ ಕಾರ್ಖಾನೆ ಒಂದನ್ನ ತಗೊಂಡು ರಿಪೇರಿ ಮಾಡಿಸಿದ. ಅದಕ್ಕೆ ಫೌಂಡರಿ ಅಂತಲೇ ಹೆಸರು. ಕೆಳಗೆ ನೂರಾರು ಜನ ಕೂರೋ ಸಭಾಂಗಣ, ಜೊತೆಗೆ ವಾಸಕ್ಕೆ ಕೋಣೆಗಳು. ಸುಸನ್ನಮ್ಮ ಕೊನೆಗೆ ಬಂದು ಸೇರಿದ್ದು ಅಲ್ಲಿಗೆ. ಎಪ್ಪತ್ತು ದಾಟಿದ ಮೇಲೆ ಮತ್ತೆ ಸಭೆ ಇರೋ ಮನೆ. 1739ರಲ್ಲೇ ಒಂದು ದಿನ ಕರ್ತನ ಭೋಜನ ತಗೊಳ್ಳುವಾಗ, ದೇವರು ತನ್ನ ಪಾಪ ಕ್ಷಮಿಸಿದ ಅನ್ನೋದು ಆಯಮ್ಮನಿಗೆ ಮನಸ್ಸಿಗೆ ನಾಟಿತು. ಜೀವಮಾನವೆಲ್ಲ ಪ್ರಾರ್ಥನೆ ಮಾಡಿದೋಳು, ಎಪ್ಪತ್ತನೇ ವಯಸ್ಸಿಗೆ ಅದು ಹೊಸದಾಗಿ ಗೊತ್ತಾಯ್ತು ಅಂತ ಮಗನ ಹತ್ತಿರ ಹೇಳ್ಕೊಂಡ್ಲು.

ಅಲ್ಲಿದ್ದಾಗ ಆಯಮ್ಮ ಇನ್ನೊಂದು ದೊಡ್ಡ ಕೆಲಸ ಮಾಡಿದ್ಲು. ಜಾನ್ ಊರಲ್ಲಿಲ್ಲದಾಗ ಥಾಮಸ್ ಮ್ಯಾಕ್ಸ್‌ಫೀಲ್ಡ್ ಅನ್ನೋ ಹುಡುಗ ಸಭೆ ನೋಡ್ಕೊಳ್ತಿದ್ದ. ಪಾದ್ರಿ ಪಟ್ಟ ಇಲ್ಲದೋನು. ಅವನು ನಿಂತು ಪ್ರಸಂಗ ಮಾಡೋಕೆ ಶುರು ಮಾಡಿಬಿಟ್ಟ ಅಂತ ಸುದ್ದಿ ಕೇಳಿ ಜಾನ್ ಸಿಟ್ಟಿಂದ ಓಡಿಬಂದ, ನಿಲ್ಲಿಸಬೇಕು ಅಂತ. ಅಮ್ಮ ತಡೆದ್ಲು. ದೇವರು ನಿನ್ನನ್ನ ಕರೆದಷ್ಟೇ ನಿಜವಾಗಿ ಆ ಹುಡುಗನನ್ನೂ ಕರೆದವನೆ, ಮೊದಲು ಹೋಗಿ ಕೂತು ಕೇಳು, ಜನಕ್ಕೆ ಏನು ಫಲ ಸಿಕ್ಕಿದೆ ನೋಡು, ಆಮೇಲೆ ತೀರ್ಮಾನ ಮಾಡು ಅನ್ನೋ ಅರ್ಥದಲ್ಲಿ ಹೇಳಿದ್ಲು. ಜಾನ್ ಹೋಗಿ ಕೇಳಿದ, ಒಪ್ಪಿದ. ಪಟ್ಟ ಇಲ್ಲದ ಸಾಮಾನ್ಯರೂ ಬೋಧನೆ ಮಾಡಬಹುದು ಅನ್ನೋದು ಮೆಥೊಡಿಸ್ಟರಲ್ಲಿ ಹಂಗೆ ನೆಲೆ ನಿಂತಿತು. ಒಂದು ಕಾಲಕ್ಕೆ ಅಡುಗೆಮನೇಲಿ ಓದಿದ್ದಕ್ಕೆ ದೂರು ಹೇಳಿಸ್ಕೊಂಡ ಹೆಂಗಸು ಅದು. ಇನ್ನೊಬ್ಬರ ಬಾಯಿ ಮುಚ್ಚಿಸೋಕೆ ಹೆಂಗೆ ಬಿಟ್ಟಾಳು?

1739ರ ನವೆಂಬರಿನಲ್ಲಿ ಹಿರೀ ಮಗ ಹೋದ. 1741ರ ಮಾರ್ಚಿನಲ್ಲಿ ಕೊನೇ ಮಗಳು ಕೆಜ಼ಿಯಾ ಹೋದ್ಲು. ಅಮ್ಮ ಇನ್ನೂ ಇದ್ಲು.

1742ರ ಜುಲೈನಲ್ಲಿ ಜಾನ್ ಬ್ರಿಸ್ಟಲಿನಲ್ಲಿದ್ದಾಗ ಅಮ್ಮನಿಗೆ ಹುಷಾರಿಲ್ಲ ಅಂತ ತಿಳಿದು ಲಂಡನ್ನಿಗೆ ಬಂದ. ಬಂದಾಗಲೇ ಆಯಮ್ಮ ಕೊನೆ ಹತ್ತಿರದಲ್ಲಿದ್ಲು, ಆದರೆ ಭಯ ಇರಲಿಲ್ಲ ಅಂತ ದಿನಚರೀಲಿ ಬರೆದವನೆ. ಚಾರ್ಲ್ಸ್ ಊರಲ್ಲಿರಲಿಲ್ಲ. ಬದುಕಿದ್ದ ಐದು ಜನ ಹೆಣ್ಣುಮಕ್ಕಳು ಮಂಚದ ಸುತ್ತ ಇದ್ರು. ಮಾತು ನಿಲ್ಲೋ ಮುಂಚೆ ಆಯಮ್ಮ ಒಂದೇ ಒಂದು ಕೇಳ್ಕೊಂಡ್ಲು: ನನಗೆ ಬಿಡುಗಡೆ ಆದ ತಕ್ಷಣ ದೇವರಿಗೆ ಸ್ತೋತ್ರದ ಕೀರ್ತನೆ ಒಂದು ಹಾಡಿ ಮಕ್ಕಳೇ ಅಂತ. ತಿಂಗಳ ಕೊನೆಗಡೆ ಒಂದು ಶುಕ್ರವಾರ ಸಾಯಂಕಾಲ ನಾಲ್ಕರ ಸುಮಾರಿಗೆ, ನರಳಾಟ ಇಲ್ಲದೆ ಉಸಿರು ನಿಂತಿತು. ಎಪ್ಪತ್ಮೂರು ವರ್ಷ. ಮಕ್ಕಳು ಮಂಚದ ಸುತ್ತ ನಿಂತ್ಕೊಂಡು ಹಾಡಿದ್ರು. ಕೂಸು ಹೋದಾಗ ಕಿಟಕಿ ಕೆಳಗೆ ಡೋಲು ಕೇಳಿದೋಳು, ಗಂಡನ್ನ ಮಣ್ಣು ಮಾಡಿದ ದಿನ ಜಪ್ತಿಯವರ ಮಾತು ಕೇಳಿದೋಳು; ತನ್ನ ಸಾವಿನ ಹೊತ್ತಿಗೆ ಏನು ಕೇಳಿಸಬೇಕು ಅನ್ನೋದನ್ನ ಮಾತ್ರ ತಾನೇ ಹೇಳಿಟ್ಟಳು.

ಆಗಸ್ಟ್ 1, ಭಾನುವಾರ, ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಮಣ್ಣು ಮಾಡಿದ್ರು. ಲೆಕ್ಕವಿಲ್ಲದಷ್ಟು ಜನ ಸೇರಿದ್ರು. "ಯಾತ್ರಿಕನ ಸಂಚಾರ" ಅಂತ ಕನ್ನಡಕ್ಕೆ ಬಂದಿರೋ ಪುಸ್ತಕ ಬರೆದ ಜಾನ್ ಬನ್ಯನ್ ಸಮಾಧಿನೂ ಅಲ್ಲೇ ಇದೆ. ಆಯಮ್ಮನ ಹೆಸರಲ್ಲಿ ಮನೆ ಇಲ್ಲ, ಹೊಲ ಇಲ್ಲ, ಒಡವೆ ಇಲ್ಲ.

ಉಳಿದಿದ್ದೇನು ಅಂದ್ರೆ ಕ್ರಮ. ಅಮ್ಮ ಹೋದ ಮೇಲೆ ಅದೇ ಫೌಂಡರೀಲಿ ಜಾನ್ 1746ರಲ್ಲಿ ಬಡವರಿಗೆ ಪುಕ್ಕಟೆ ಔಷಧಿ ಕೊಡೋ ವ್ಯವಸ್ಥೆ ಮಾಡಿದ. ಪಕ್ಕದಲ್ಲೇ ಗತಿಯಿಲ್ಲದ ವಿಧವೆಯರಿಗೆ ಮನೆ ಮಾಡಿ, ಅವರ ಪಂಕ್ತೀಲೇ ಕೂತು ಅವರ ಊಟವೇ ಉಣ್ತಿದ್ದ. ತಾಯಿ ಮನೆಯಿಂದ ಮನೆಗೆ ಅಲೆದಿದ್ದನ್ನ ನೋಡಿದ ಮಗನಿಗೆ ಅದು ತೋಚಿದ್ರಲ್ಲಿ ಆಶ್ಚರ್ಯ ಏನಿದೆ? ಈ ಪಂಥ ಸಮುದ್ರ ದಾಟಿ ಅಮೆರಿಕಕ್ಕೆ ಹೋಯ್ತು. ಅಲ್ಲಿ 1869ರಲ್ಲಿ ಬಾಸ್ಟನ್ ಊರಿನ ಮೆಥೊಡಿಸ್ಟ್ ಹೆಂಗಸರು ಒಂದು ಸಂಘ ಕಟ್ಟಿದ್ರು. ವಾರಕ್ಕೆ ಎರಡು ಸೆಂಟು, ಒಂದು ಪ್ರಾರ್ಥನೆ, ಇಷ್ಟೇ ಚಂದಾ. ನಮ್ಮ ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯ ಇದ್ದಂಗೆ. ಆ ಚಿಲ್ಲರೆ ಕೂಡಿಸಿ ಅದೇ ವರ್ಷ ಇಬ್ಬರನ್ನ ಭಾರತಕ್ಕೆ ಕಳಿಸಿದ್ರು, ಡಾಕ್ಟರ್ ಕ್ಲಾರಾ ಸ್ವೇನ್ ಮತ್ತು ಟೀಚರ್ ಇಸಬೆಲ್ಲಾ ಥೋಬರ್ನ್. ಇಸಬೆಲ್ಲಾಗೆ ಹತ್ತು ವರ್ಷ ಇದ್ದಾಗ ಅಪ್ಪ ತೀರ್ಕೊಂಡಿದ್ದ, ಹತ್ತು ಮಕ್ಕಳ ಸಂಸಾರ ನಡೆಸಿದ್ದು ವಿಧವೆ ಅಮ್ಮ. ಇಸಬೆಲ್ಲಾಳ ಅಕ್ಕತಂಗಿಯರಲ್ಲಿ ಒಬ್ಬಳು ಎಲೆನ್, ಆ ಸಂಘಕ್ಕೆ ದುಡಿದೋಳು, ಕೋಲಾರದ ಆಸ್ಪತ್ರೆಗೆ ಹೆಸರಾದೋಳು.

ಕೋಲಾರಕ್ಕೆ ಅವರು ಬರೋ ದಾರಿ ಮಾಡಿದ್ದು ನಮ್ಮದೇ ಸೀಮೆಯ ಬರ. 1876-78ರ ಧಾತು, ಈಶ್ವರ ಸಂವತ್ಸರದ ಆ ಬರದ ಕತೆ ನೀವೂ ಕೇಳಿರ್ತೀರ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ರ ಹೊತ್ತಿಗೆ ನಲವತ್ತೆರಡು ಲಕ್ಷದಷ್ಟಾಗಿದ್ರು. ತಂದೆ ತಾಯಿ ಸತ್ತ ಮಕ್ಕಳನ್ನ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಅನ್ನೋ ಇಂಗ್ಲಿಷ್ ಹೆಣ್ಣುಮಗಳು ಸಾಕಿದ್ಲು. 1890ರಲ್ಲಿ ಆ ಅನಾಥಾಲಯವನ್ನ ಮೆಥೊಡಿಸ್ಟರ ಕೈಗೆ ಕೊಟ್ಟಳು. ಇಪ್ಪತ್ತು ವರ್ಷಕ್ಕೆ ಆಸ್ಪತ್ರೆ ಬಂತು. ಆಗ ನಮ್ಮ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಎಲ್ಲ ಕೋಲಾರ ಜಿಲ್ಲೆಯೇ, ಬೇರೆ ಆಗಿದ್ದು 2007ರಲ್ಲಿ. ತರಂಗಂಬಾಡಿಯಿಂದ ಎಪ್‌ವರ್ತಿನ ಅಡುಗೆಮನೆಗೆ ಹೋದ ಸುದ್ದಿ, ಇನ್ನೂರು ವರ್ಷಕ್ಕೆ ಆಸ್ಪತ್ರೆಯಾಗಿ ನಮ್ಮ ಪಕ್ಕಕ್ಕೆ ಬಂತು.

ಕೊನೇದಾಗಿ ಒಂದು ಮಾತು. ಜಾನ್ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ವರ್ಷದ ಗಂಡಸಾಗಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳ್ತಿದ್ದಾಗ ಅಮ್ಮನಿಗೊಂದು ಕಾಗದ ಬರೆದ. ಚಿಕ್ಕಂದಿನಲ್ಲಿ ಗುರುವಾರ ಸಾಯಂಕಾಲ ನನಗೆ ಅಂತ ಕೊಡ್ತಿದ್ಯಲ್ಲ, ಆ ಸ್ವಲ್ಪ ಹೊತ್ತನ್ನ ಈಗಲೂ ನನಗೆ ಕೊಡೋಕಾಗುತ್ತಾ, ನನಗಾಗಿ ಪ್ರಾರ್ಥನೆ ಮಾಡೋಕೆ, ಅಂತ ಕೇಳಿದ. ಅಷ್ಟು ಮಕ್ಕಳ ಮನೇಲಿ ಎಲ್ಲಿಂದ ತೆಗೆದ್ಲೋ ಆ ಹೊತ್ತನ್ನ! ಈ ಪಟ್ಟಿಯನ್ನ ನಾನು ಒಂದು ಚೀಟೀಲಿ ಬರೆದು ನಮ್ಮನೆ ಅಕ್ಕಿ ಡಬ್ಬದ ಮೇಲೆ ಅಂಟಿಸಿದೀನಿ. ನಮ್ಮನೇಲಿ ಮಕ್ಕಳು ಇಬ್ಬರೇ, ವಾರದಲ್ಲಿ ಏಳು ದಿನ ಇದೆ. ಮಿಕ್ಕ ದಿನಗಳಲ್ಲಿ ಒಂದನ್ನ ನಮ್ಮತ್ತೆಗೆ ಇಟ್ಟಿದೀನಿ.